ಝಮಲಿಬಾಯಿ ಕುಳಿತ ಹದಿನೆಂಟು ದಿನ

ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು ನಿಮಗೆ ಗೊತ್ತಿರಬೇಕು. ಚಿಂಚೋಳಿ ಕಡೆಯ ಲಂಬಾಣಿ ತಾಂಡಾದ ಝಮಲಿಬಾಯಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮನೆಯ ಕಟ್ಟಳೆ ಮಾತ್ರ: ಮೈಗೆ ಮೈ ತಗಲುವಂತೆ ಕುಳಿತು ಎಲ್ಲರೂ ಒಂದೇ ತಾಟಿನಲ್ಲಿ ಉಣ್ಣಬೇಕು.

ಹತ್ತನೇ ಕ್ಲಾಸಿನ ಮೊಮ್ಮಗ ಕಿಶನ್ ಒಂದು ಸಂಜೆ ಬೇರೆ ತಾಟು ಕೇಳಿದ. ಅವಳು ಅವನ ಕೈ ಹಿಡಿದು ಮೂಸಿದಳು. ಗಾಂಜಾ ನಾತ.

"ಯಾರ ಕೊಟ್ರು?"

"ಸಾಲಿ ಮುಂದಿನ ಡಬ್ಬಿ ಅಂಗಡ್ಯಾಗ ಎಲ್ಲಾರಿಗೂ ಕೊಡ್ತಾರ, ದಾದಿ."

ಬೈಯಲಿಲ್ಲ. ಅದೇ ತಾಟಿನಲ್ಲಿ ರೊಟ್ಟಿ ಮುರಿದು ಕೊಟ್ಟಳು. ಮರುದಿನದಿಂದ ತೊಗರಿ ಹೊಲದ ಕೂಲಿ ಬಿಟ್ಟು ಅಂಗಡಿಯ ಮುಂದೆ ಕುಳಿತಳು.

"ಮುದುಕಿ, ನಿನಗೂ ಒಂದು ಪೊಟ್ಟಣ ಕೊಡ್ಲೇನು?" ಎಂದ ಅಂಗಡಿಯವ.

"ಕೊಡು. ಮೊದಲ ನಿನ್ನ ಮಗನ್ನ ಕರಿ. ಅವ ಸೇದಿದ ಮ್ಯಾಲ ನಾ ಸೇದ್ತೀನಿ."

ಹದಿನೆಂಟು ದಿನ ಕುಳಿತಳು. ಕಿಶನ್ ಅತ್ತ ಸುಳಿಯಲಿಲ್ಲ. ಈ ನಡುವೆ ನಶೆಮುಕ್ತಿ ಜಾಗೃತಿಗೆಂದು ಅಧಿಕಾರಿಗಳು ತಾಂಡಾಕ್ಕೆ ಬಂದು, ನಿಮ್ಮ ಸಂಸ್ಕೃತಿಯೇ ಮಕ್ಕಳಿಗೆ ಕಾವಲು ಎಂದು ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು ಹೋದರು. ಅವರ ಜೀಪು ನಿಲ್ಲದೆ ಹೋದದ್ದು ಅಂಗಡಿಯ ಮುಂದಿನಿಂದಲೇ.

ಈಗ ಮನೆಯಲ್ಲಿ ಹಿಟ್ಟು ಮುಗಿದಿದೆ, ಅವಳು ಕೂಲಿಗೆ ಮರಳಲೇಬೇಕು. ಅಂಗಡಿ ಇನ್ನೂ ತೆರೆದೇ ಇದೆ. ನಾಳೆ ಶಾಲೆಯ ಗಂಟೆ ಹೊಡೆಯುವ ಮೊದಲು ಅವಳ ಜಾಗದಲ್ಲಿ ನೀವು ಹೋಗಿ ಕುಳಿತುಕೊಳ್ಳಿ.