ಅನ್ಯಗ್ರಹದ ಹುಳವೂ ಇಬ್ಬರು ಪೊಲೀಸರೂ

ಪರಸ್ಪರ ಮುಖ ನೋಡದ ಇಬ್ಬರು ರಿಟೈರ್ಡ್ ಪೊಲೀಸರ ನಡುವೆ ಕೂತು ಪಾಪ್‌ಕಾರ್ನ್ ತಿಂದಿದ್ದೀರಾ? ಕಳೆದ ಭಾನುವಾರ ಮಣಿಪಾಲದ ಥಿಯೇಟರಿನಲ್ಲಿ ನಾನು ತಿಂದೆ.

ಎಡಕ್ಕೆ ನನ್ನ ಅಪ್ಪ, ಕಾಪುವಿನವರು. ಬಲಕ್ಕೆ ಬಸಪ್ಪ ಅಂಕಲ್, ಬಾಗಲಕೋಟೆಯಿಂದ ಬಂದು ಇಲ್ಲೇ ನೆಲೆಸಿದವರು. ಇಬ್ಬರೂ ಕಾರ್ಕಳದಲ್ಲಿ ಹನ್ನೊಂದು ವರ್ಷ ಒಂದೇ ಜೀಪಿನಲ್ಲಿ ತಿರುಗಿದವರು. ಅಪ್ಪನಿಗೆ ಮೀನಿಲ್ಲದೆ ಊಟ ಸೇರದು, ಅಂಕಲ್‌ಗೆ ಅದರ ವಾಸನೆಯೇ ಆಗದು. ಆದರೂ ಒಬ್ಬರನ್ನು ಬಿಟ್ಟು ಒಬ್ಬರು ಚಹಾ ಕುಡಿದವರಲ್ಲ.

ಎರಡು ವರ್ಷದ ಹಿಂದೆ ಅಪ್ಪನ ಬೀಳ್ಕೊಡುಗೆಗೆ ಅಂಕಲ್ ಬರಲಿಲ್ಲ. ಅಪ್ಪ ಮಾತು ಬಿಟ್ಟರು. (ಕಾರಣ ಕೇಳಿದರಾ? ಕೇಳಿದರೆ ಗತ್ತು ಏನಾಗಬೇಕು!) ಅಂದಿನಿಂದ ಅವರ ಸಂಜೆಗಳೆಲ್ಲ ಬಿಕೋ. ನನಗೆ ನೋಡಲಾಗಲಿಲ್ಲ. ಇನ್ನೊಬ್ಬರು ಬರುವುದನ್ನು ಮುಚ್ಚಿಟ್ಟು, ಇಬ್ಬರಿಗೂ ಬೇರೆ ಬೇರೆ ಹೇಳಿ ಟಿಕೆಟ್ ಬುಕ್ ಮಾಡಿದೆ.

ಸಿನಿಮಾದಲ್ಲಿ ಬೇರೆ ಗ್ರಹದ ಹುಳವೊಂದು ಒಬ್ಬರ ಮೈ ಹೊಕ್ಕು, ಅಲ್ಲಿಂದ ಇನ್ನೊಬ್ಬರ ಮೈಗೆ ಹಾರುತ್ತದೆ. ಹಿಡಿಯಲು ಹೊರಟವರು ಒಬ್ಬರಿಗೊಬ್ಬರು ಆಗದ ಇಬ್ಬರು ಪೊಲೀಸರು. ಕಂಡಕಂಡಲ್ಲಿ ಗುಂಡು. ಅಪ್ಪನಿಗೆ ತಡೆಯಲಾಗಲಿಲ್ಲ.

“ಎಂತ ಪೊಲೀಸರು ಇವರು? ಮೈಮೇಲೆ ಬಂದದ್ದನ್ನು ಮೊದಲು ಕೇಳಬೇಕಲ್ವಾ, ನೀನು ಯಾರು, ನಿನಗೆ ಎಂತ ಬೇಕು ಅಂತ?”

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಪ್ಪನದೇನು ತಪ್ಪು? ನಮ್ಮ ಕಡೆ ಯಾರ ಮೈಮೇಲಾದರೂ ಭೂತವೋ ಇನ್ನೊಂದೋ ಬಂದರೆ ಹಿರಿಯರು ಕೈಮುಗಿದು ವಿಚಾರಿಸುತ್ತಾರೆ. ಏನು ಕೊರತೆ, ಯಾಕೆ ಬಂದದ್ದು ಎಂದು ಕೇಳಿ, ಬೇಕಾದ್ದನ್ನು ಕೊಟ್ಟು ಕಳಿಸುತ್ತಾರೆ.

ಇಂಟರ್‌ವಲ್‌ನಲ್ಲಿ ನಾನೂ ಕೇಳಿಯೇಬಿಟ್ಟೆ, ಹುಳದ ಮೇಲಿರುವ ಕನಿಕರ ಅಂಕಲ್ ಮೇಲೆ ಯಾಕಿಲ್ಲ ಎಂದು. ಕೂಡಲೇ ನನ್ನ ತಲೆಯ ಮೇಲಿಂದಲೇ ಅಪ್ಪನ ವಿಚಾರಣೆ ಶುರು.

“ಅವತ್ತು ಯಾಕೆ ಬರಲಿಲ್ಲ ಮಾರಾಯ?”

“ಬಂದಿದ್ದೆ ಸರ್, ಗೇಟಿನ ತನಕ. ನಿಮಗ ಹಾರ ಹಾಕೂದು ಕಂಡು ಅಳು ಬಂತು. ಯೂನಿಫಾರ್ಮ್‌ನ್ಯಾಗ ಹೆಂಗ ಅಳೂದ್ರಿ?”

ಅಪ್ಪ ನನ್ನನ್ನು ಎಬ್ಬಿಸಿ ನನ್ನ ಸೀಟಿನಲ್ಲಿ ತಾವು ಕೂತರು. ಹುಳ ಸತ್ತಿತೋ ಬದುಕಿತೋ, ಇಬ್ಬರಿಗೂ ಗೊತ್ತಿಲ್ಲ. ಹಳೆಯ ಕೇಸುಗಳ ಪಿಸುಮಾತು ಮುಗಿಯಲೇ ಇಲ್ಲ. ನನಗಂತೂ ಖುಷಿಗೆ ಕಣ್ಣು ತುಂಬಿ ಬಂತು.

ಗುರುತಿಲ್ಲದ ಭೂತದ ಹತ್ತಿರ ನಿಂತ ನಿಲುವಿನಲ್ಲೇ ಕೇಳುವುದನ್ನು, ಹನ್ನೊಂದು ವರ್ಷ ಪಕ್ಕದಲ್ಲೇ ಕೂತವನ ಹತ್ತಿರ ಕೇಳಲು ನಮಗೆ ಎರಡು ವರ್ಷ ಬೇಕಾ?