ಊದಿದವನಿಗೇ ಪಾಲು

ಕೋಕಂದ್ ಊರಿನ ಎರ್ಗಾಶನ ಮೈಯಲ್ಲಿ ದುಡಿಯುತ್ತಿದ್ದದ್ದು ಬಾಯಿ ಒಂದೇ. ಕೈಕಾಲು, ಹೊಟ್ಟೆ, ಮೀಸೆ ಎಲ್ಲವೂ ಅದರ ಗಳಿಕೆಯಲ್ಲಿ ಕೂತು ತಿನ್ನುತ್ತಿದ್ದವು. ಆಳಿಗಿಂತ ಉದ್ದದ ಹಿತ್ತಾಳೆಯ ಕಹಳೆ, ಕಾರ್ನಾಯನ್ನು ಆಕಾಶಕ್ಕೆತ್ತಿ ಅವನು ಊದಿದನೆಂದರೆ ಆಚೆ ಬೀದಿಯ ಕತ್ತೆಗಳೂ ಮದುವೆಗೆ ಹೊರಡಬೇಕು. ಬಲ್ಲವರು ಹೊಟ್ಟೆಯಿಂದ ಊದುತ್ತಾರೆ. ಕೆನ್ನೆ ಉಬ್ಬಿಸುವುದು ಕಲಿಯುವವರ ಕಸುಬು. ಎರ್ಗಾಶನ ಕೆನ್ನೆ ಒಂದು ಕೂದಲೆಳೆಯಷ್ಟೂ ಉಬ್ಬುತ್ತಿರಲಿಲ್ಲ.

ಮದುವೆಗಳ ಸುಗ್ಗಿಯಲ್ಲೇ ಅವನ ಎಡದವಡೆಯ ಕೊನೆಯ ಹಲ್ಲು ಕೈಕೊಟ್ಟಿತು. ಬೆಳಗಾಗುವಷ್ಟರಲ್ಲಿ ಎಡಗೆನ್ನೆ ತಂದೂರಿನಿಂದ ಆಗತಾನೆ ತೆಗೆದ ರೊಟ್ಟಿಯಂತೆ ಊದಿಕೊಂಡಿತ್ತು.

"ಕೀಳಿಸ್ಕೊಳ್ರೀ," ಎಂದಳು ಹೆಂಡತಿ ಸನೋಬರ್.

"ಕಿತ್ರೆ ಆ ಸಂದೀಲಿ ಗಾಳಿ ಸೋರತ್ತೆ ಕಣೇ! ಆಮೇಲೆ ಮದುವೆ ಮನೇಲಿ ಸಿಳ್ಳೆ ಹೊಡೀಲಾ?"

"ಈಗ ದುಡಿದು ಕಲ್ಲಿದ್ದಲು ತರಿಸದೆ ಇದ್ರೆ ಚಳಿಗಾಲದಲ್ಲಿ ಏನ್ ಊದೋದು? ಕೈನಾ?"

ಅದೂ ನಿಜವೇ. ಎಲ್ಲರೂ ಆಕಾ, ಅಂದರೆ ಅಣ್ಣ, ಎನ್ನುತ್ತಿದ್ದ ಮೇಳದ ಯಜಮಾನ ಮಮಾಸೋಲಿಯ ಕಾನೂನು ಒಂದೇ ಸಾಲಿನದು: "ಊದಿದವನಿಗೆ ಪಾಲು, ಊದದವನಿಗೆ ಪಲಾವು." ಬರೀ ಮದುವೆಮನೆಯ ಪಲಾವು ತಿಂದರೆ ಒಲೆ ಉರಿಯುತ್ತದೆಯೇ? ಎರ್ಗಾಶ್ ಕಳ್ಳದಾರಿ ಹಿಡಿದ. ಆ ದಿನದ ಮದುವೆಯಲ್ಲಿ ಕಾರ್ನಾಯನ್ನು ತುಟಿಗಿಟ್ಟುಕೊಂಡು ಊದದೆ ಸುಮ್ಮನೆ ನಿಂತ. ಪಕ್ಕದ ಹೊಸಬ ಹೈದರ್ ಒಬ್ಬನೇ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುವ ತನಕ ಊದಿದ.

ಆದರೆ ಜನ ಕಿವಿಯಿಂದ ಕೇಳುತ್ತಾರೆಂದು ಯಾರು ಹೇಳಿದ್ದು?

"ಅಯ್ಯೋ, ಆ ಕೆನ್ನೆ ನೋಡ್ರೋ!" ಎಂದು ಗಡ್ಡದ ಮುದುಕನೊಬ್ಬ ಕೂಗಿದ. "ಪ್ರಾಣ ಒತ್ತೆಯಿಟ್ಟು ಊದ್ತಾ ಇದಾನೆ!" ಎರ್ಗಾಶನ ಟೋಪಿಯ ಅಂಚಿಗೆ ಒಂದು ನೋಟು ಸಿಕ್ಕಿಸಿದ. ಹಲ್ಲಿನ ಸೆಳೆತಕ್ಕೆ ಕಣ್ಣೀರು ಇಳಿಯಿತು. ಅದನ್ನು ಕಂಡು ಹೆಂಗಸರು ಕರಗಿದರು. ಟೋಪಿಯಲ್ಲಿ ಜಾಗವೇ ಉಳಿಯಲಿಲ್ಲ.

"ಆಕಾ, ಊದಿದ್ದು ನಾನು!" ಎಂದು ಹೈದರ್ ಯಜಮಾನನ ಹತ್ತಿರ ದೂರು ಒಯ್ದ.

ಎರ್ಗಾಶ್ ತನ್ನ ಕೆನ್ನೆ ತೋರಿಸಿ, "ನಾನೂ ಊದಿದೀನಲ್ಲಪ್ಪಾ!" ಎಂದ.

ಮಮಾಸೋಲಿ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿದ. ಎರ್ಗಾಶ್ ಚೀರಿದ. "ಊದಿರೋದಂತೂ ಹೌದು," ಎಂದು ಯಜಮಾನ ಪಾಲು ಕೊಟ್ಟ.

ಅದೃಷ್ಟ ಕೈಹಿಡಿಯಿತೆಂದು ಎರ್ಗಾಶ್ ಬೀಗಿದ. ಆದರೆ ಮಾರನೆಯ ದಿನ ಜ್ವರ ಬಂತು. ಸನೋಬರ್ ಅವನನ್ನು ಎಳೆದುಕೊಂಡು ಹೋಗಿ ಹಲ್ಲು ಕೀಳಿಸಿಯೇ ಬಿಟ್ಟಳು. ಗಾಳಿ ಎಲ್ಲೂ ಸೋರಲಿಲ್ಲ. ಊತ ಇಳಿದು, ಗಾಯ ಮಾಗಿ, ಮುಂದಿನ ಮದುವೆಯಲ್ಲಿ ಅವನು ಹೊಟ್ಟೆಯ ಆಳದಿಂದ ಊದಿದ. ಅಂಥ ನಾದ ಕೋಕಂದ್ ಕೇಳಿಯೇ ಇರಲಿಲ್ಲ ಎಂದು ನಾನು ಬೇಕಾದರೆ ಆಣೆ ಮಾಡುತ್ತೇನೆ.

ಅದೇ ಗಡ್ಡದ ಮುದುಕ ಬಂದು ಅವನ ಚಪ್ಪಟೆ ಕೆನ್ನೆಯನ್ನು ದಿಟ್ಟಿಸಿದ. "ಇವನ್ಯಾರೋ ಮೈಗಳ್ಳ! ಸುಮ್ನೆ ಹಿಡ್ಕೊಂಡು ನಿಂತಿದಾನೆ. ಮೊನ್ನೆ ಬಂದಿದ್ನಲ್ಲ, ಅವನು ನೋಡಪ್ಪಾ ಊದೋನು! ಇವತ್ತಿಗೆ ಈ ಹುಡುಗನೇ ವಾಸಿ!" ಎಂದು, ಕಪ್ಪೆಯ ಹಾಗೆ ಕೆನ್ನೆ ಉಬ್ಬಿಸಿದ್ದ ಹೈದರನ ಟೋಪಿಗೆ ನೋಟು ಸಿಕ್ಕಿಸಿದ.

ಎರ್ಗಾಶ್ ಖಾಲಿ ಟೋಪಿ ಹಿಡಿದು ಮನೆಗೆ ಬಂದು ಮೂಲೆಯಲ್ಲಿ ಕೂತ.

"ಏನ್ರೀ, ಇನ್ನೂ ನೋವಾ?"

"ನೋವಿಲ್ಲ ಕಣೇ. ಅದೇ ನೋವು."

ಸನೋಬರ್ ಎಲ್ಲ ಕೇಳಿಕೊಂಡಳು. ನಗು ತಡೆದುಕೊಂಡು ಅಕ್ರೋಟಿನ ಚೀಲಕ್ಕೆ ಕೈಹಾಕಿ, ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ಅವನ ಅಂಗೈಗಿಟ್ಟಳು.

"ನಾಳೆ ಇದನ್ನ ಎಡಗೆನ್ನೇಲಿ ಇಟ್ಕೊಳ್ಳಿ. ಕಲ್ಲಿದ್ದಲು ಬರೋ ತನಕ ಒಡ್ಕೊಂಡು ತಿನ್ಬೇಡಿ, ಅಷ್ಟೆ."