ಇಪ್ಪತ್ತು ಜಾಗ, ಅರವತ್ತಮೂರು ಮಕ್ಕಳು

ಹುಮನಾಬಾದಿನ ಆ ಶಾಲೆಯಲ್ಲಿ ಜಗದೇವಿ ಬಾಯೋರ ಮುಖದ ಮೇಲೆ ನಗೆ ಕಂಡವರು ಕಡಿಮೆ. ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದರು. ಮಕ್ಕಳು ಅಂಜುತ್ತಿದ್ದರು, ಜೊತೆಯ ಮಾಸ್ತರರು ಅವರಿಂದ ಒಂದು ಕುರ್ಚಿ ಬಿಟ್ಟೇ ಕೂರುತ್ತಿದ್ದರು. ಅರ್ಧ ಅಂಕಕ್ಕಾಗಿ ಅಂಗಲಾಚುತ್ತ ಬಂದ ಪಾಲಕರಿಗೆ, "ಅರ್ಧ ತಪ್ಪು ಅಂಬೋದು ಗಣಿತದಾಗ ಇಲ್ರಿ" ಎಂದು ಹೇಳಿ ಬಾಗಿಲು ತೋರಿಸುತ್ತಿದ್ದರು.

ಅವರು ಹುಟ್ಟಿದ್ದು ಘಾಟಬೋರಾಳದಲ್ಲಿ. ಅಪ್ಪ ಪಂಡರಿ, ಹೊಲದ ಕೂಲಿಕಾರ. ನಾಲ್ಕನೇ ಈಯತ್ತೆಯಲ್ಲಿದ್ದಾಗ ತಾಲೂಕಿನ ಗಣಿತ ಸ್ಪರ್ಧೆಗೆ ಒಬ್ಬರನ್ನು ಕಳಿಸಬೇಕಾಗಿತ್ತು. ಕೊಟ್ಟ ಲೆಕ್ಕ ಮೊದಲು ಬಿಡಿಸಿದವಳು ಜಗದೇವಿ, ಹೋದವನು ಊರ ಗೌಡರ ಮಗ. "ಇಕಿ ಹೋಗಿ ಏನ್ ಮಾಡ್ಯಾಳ" ಎಂದಿದ್ದರು ಮಾಸ್ತರರು. ಆ ಮಾತನ್ನು ಜಗದೇವಿ ಯಾರ ಮುಂದೂ ಆಡಿದವರಲ್ಲ, ಮರೆತವರೂ ಅಲ್ಲ. ಬಸವಕಲ್ಯಾಣದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಈ ಶಾಲೆ ಸೇರಿದರು. ಗಂಡ ತುಳಜಾರಾಮ ಮಾಣಿಕನಗರದಲ್ಲಿ ಆಟೋ ಓಡಿಸುತ್ತಿದ್ದ.

ಶಾಲೆಯ ಸಮಿತಿ ಎರಡು ವರ್ಷದ ಹಿಂದೆ 'ಚುರುಕು ಗಣಿತ' ಎಂಬ ತರಗತಿ ತೆರೆದಿತ್ತು. ನಾಲ್ಕನೇ ಈಯತ್ತೆ ಮುಗಿಸಿದವರಲ್ಲಿ ಇಪ್ಪತ್ತು ಮಕ್ಕಳನ್ನು ಆರಿಸಿ ಎರಡು ವರ್ಷದ ಗಣಿತವನ್ನು ಒಂದೇ ವರ್ಷದಲ್ಲಿ ಕಲಿಸುವುದು. ಮೊದಲೆರಡು ವರ್ಷ ಹೆಸರು ಬರೆದದ್ದು ಮಾಸ್ತರರು ತಮಗೆ ತೋಚಿದಂತೆ. ಅಂಗಡಿಕಾರರ ಮಕ್ಕಳು, ಡಾಕ್ಟರರ ಮಕ್ಕಳು, ಸಮಿತಿಯವರ ಮೊಮ್ಮಕ್ಕಳು. ಮೂರನೇ ವರ್ಷ ಆ ಕೆಲಸ ಜಗದೇವಿಯವರ ಪಾಲಿಗೆ ಬಂತು. ಅವರು ಅರವತ್ತಮೂರು ಮಕ್ಕಳನ್ನೂ ಕೂರಿಸಿ ಪರೀಕ್ಷೆ ಕೊಟ್ಟರು. "ಯಾರ ಮಾತೂ ನಡಿಯಂಗಿಲ್ಲ. ನಂಬರ್ ಬಂದವರು ಒಳಗ, ಬರದವರು ಹೊರಗ" ಎಂದು ಎಲ್ಲರೆದುರೇ ಸಾರಿದರು.

ಪ್ರಶ್ನೆಪತ್ರಿಕೆಯಲ್ಲಿ ಒಂದು ಲೆಕ್ಕವಿತ್ತು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ. ಎರಡರಲ್ಲೂ ಸೇರಿ ಹದಿನೇಳು ಟನ್ ಕಬ್ಬು. ಮೊದಲನೆಯದರಲ್ಲಿ ಎರಡನೆಯದಕ್ಕಿಂತ ಮೂರು ಟನ್ ಹೆಚ್ಚು. ಎರಡನೆಯದರಲ್ಲಿ ಎಷ್ಟು? ಬಹಳ ಮಕ್ಕಳು ಹದಿನೇಳರಲ್ಲಿ ಮೂರು ಕಳೆದು ಹದಿನಾಲ್ಕು ಎಂದು ಬರೆದು ಮುಂದೆ ಹೋಗಿದ್ದರು. ಮನೀಷಾ ಎಂಬ ಹುಡುಗಿ ಎರಡು ಚೌಕ ಬರೆದು, ಒಂದಕ್ಕೆ ಮೂರು ಗೀಟು ಹೆಚ್ಚು ಹಾಕಿ, ಕೆಳಗೆ ಏಳು ಎಂದು ಬರೆದಿದ್ದಳು. ಪಟ್ಟಿಯಲ್ಲಿ ಅವಳದು ನಾಲ್ಕನೇ ಸ್ಥಾನ. ಅವಳ ಅವ್ವ ಅಂಬುಬಾಯಿ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು.

ಪಟ್ಟಿ ಗೋಡೆಗೆ ಬಿದ್ದ ದಿನವೇ ಸಮಿತಿಯ ಅಧ್ಯಕ್ಷ ಮಹಾರುದ್ರಪ್ಪ ಬಂದರು. ಮಾಣಿಕನಗರದಲ್ಲಿ ದೊಡ್ಡ ಬಟ್ಟೆಯಂಗಡಿ ಅವರದು. ಮುಖ್ಯಗುರು ಸತೀಶಕುಮಾರ ಎದ್ದು ನಿಂತು ತನ್ನ ಕುರ್ಚಿ ಬಿಟ್ಟುಕೊಟ್ಟ.

"ಬಾಯೋರ, ನಮ್ಮ ಮೊಮ್ಮಗಳು ಪೂನಂ ಹೆಸರು ಯಾಕ ಇಲ್ಲ?"

"ಮೂವತ್ತೊಂದನೇ ನಂಬರ್ ಬಂದಾಳ್ರಿ. ಜಾಗಾ ಇರೋವು ಇಪ್ಪತ್ತು."

"ಮೂವತ್ತರ ತನಕ ಮಗ್ಗಿ ಬಾಯಿಪಾಠ ಅದ ಆಕಿಗಿ."

"ಮಗ್ಗಿ ಬರ್ತದ್ರಿ. ಯಾವಾಗ ಹಚ್ಚಬೇಕು ಅಂಬೋದು ತಿಳಿಯಂಗಿಲ್ಲ."

ಮಹಾರುದ್ರಪ್ಪನವರ ಮೈ ಉರಿದುಹೋಯಿತು. "ಕಬ್ಬು, ಟ್ರಾಲಿ ಅಂತ ಲೆಕ್ಕಾ ಕೊಟ್ಟು ನಿಮ್ಮ ಮಂದಿ ಮಕ್ಕಳಿಗಿ ದಾರಿ ಮಾಡಿ ಕೊಟ್ಟೀರಿ. ನಮಗ ಏನೂ ತಿಳಿಯಂಗಿಲ್ಲ ಅಂತ ತಿಳ್ಕೊಂಡೀರೇನ್?"

"ನಿಮ್ಮ ಅಂಗಡಿ ಸೀರಿ ಲೆಕ್ಕಾ ಕೊಟ್ಟಿದ್ರೂ ಹದಿನಾಲ್ಕೇ ಬರೀತಿದ್ಳು" ಎಂದರು ಜಗದೇವಿ.

ಸತೀಶಕುಮಾರ ಕಣ್ಣು ಮುಚ್ಚಿಕೊಂಡ. ಆ ಒಂದು ಮಾತನ್ನು ಜಗದೇವಿ ನುಂಗಿಕೊಂಡಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲವೇನೋ. ಆದರೆ ನುಂಗುವ ಸ್ವಭಾವ ಅವರದಲ್ಲ.

ವಾರದೊಳಗೆ ಹನ್ನೊಂದು ಜನ ಪಾಲಕರ ಸಹಿಯಿದ್ದ ದೂರು ಬಂತು. ಜಗದೇವಿ ಬಾಯೋರು ಪರೀಕ್ಷೆಗೆ ಮೊದಲೇ ಕೆಲವು ಮಕ್ಕಳಿಗೆ ಪ್ರಶ್ನೆ ಹೇಳಿಕೊಟ್ಟಿದ್ದಾರೆ, ಅಡುಗೆಯವಳ ಮಗಳಿಗೆ ಮನೆಯಲ್ಲಿ ಪಾಠ ನಡೆದಿದೆ ಎಂದು. ಎಲ್ಲವೂ ಸುಳ್ಳು. ಮಾಸ್ತರರ ಕೋಣೆಯಲ್ಲಿ ಯಾರೂ ಅದನ್ನು ಸುಳ್ಳೆನ್ನಲಿಲ್ಲ. ಅತ್ತ ಮಾಣಿಕನಗರದ ಅಂಗಡಿಯವರು ಸಾಮಾನು ಸಾಗಿಸಲು ತುಳಜಾರಾಮನ ಆಟೋ ಕರೆಯುವುದನ್ನು ಬಿಟ್ಟರು.

"ಒಂದು ಪೋರಿ ಹೆಸರು ಸೇರಿಸಿದ್ರ ನಿಂದೇನ್ ಹೋಗ್ತಿತ್ತು?" ಎಂದ ಅವನು ಊಟಕ್ಕೆ ಕೂತಾಗ.

"ಇನ್ನೊಂದು ಪೋರಿ ಹೋಗ್ತಿದ್ಳು."

"ಆಕಿ ನಿನಗೇನ್ ಆಗಬೇಕು?"

ಜಗದೇವಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಸಮಿತಿ ಮರುಪರೀಕ್ಷೆ ಎಂದಿತು. ಬಸವಕಲ್ಯಾಣದಿಂದ ಒಬ್ಬ ನಿವೃತ್ತ ಮಾಸ್ತರರನ್ನು ಕರೆಸಿ ಪ್ರಶ್ನೆ ತೆಗೆಸಿದರು. ಹದಿನೈದು ದಿನದ ವಾಯಿದೆ. ಆ ಹದಿನೈದು ದಿನ ಪೂನಂಗೆ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಪಾಠ ಹೇಳಿದರು. ಮನೀಷಾ ಎಂದಿನಂತೆ ಶಾಲೆ ಬಿಟ್ಟ ಮೇಲೆ ಅವ್ವನ ಜೊತೆ ಪಾತ್ರೆ ತಿಕ್ಕಿದಳು.

ಪರೀಕ್ಷೆಯ ದಿನ ಸಮಿತಿಯವರೆಲ್ಲ ಕೋಣೆಯಲ್ಲಿ ಸುತ್ತ ಕುರ್ಚಿ ಹಾಕಿಸಿಕೊಂಡು ಕೂತರು. ಜಗದೇವಿಯವರಿಗೆ ಒಳಗೆ ಬರಕೂಡದೆಂದು ಹೇಳಿದ್ದರು. ಅವರು ಕಿಟಕಿಯ ಹೊರಗೆ ನಿಂತರು. ಒಬ್ಬ ಸದಸ್ಯ, ಹುಡುಗಿ ಚೀಟಿ ತಂದಿರಬಹುದೆಂದು, ಮನೀಷಾಳ ಬೆನ್ನ ಹಿಂದೆಯೇ ಕೈ ಕಟ್ಟಿ ನಿಂತ. ಗಂಟೆ ಹೊಡೆಯುವವರೆಗೂ ಕದಲಲಿಲ್ಲ. ಹುಡುಗಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅಳಿಸಿ ಅಳಿಸಿ ಕಾಗದ ಹರಿಯಿತು. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಳು.

ಪೂನಂ ಹದಿನೆಂಟನೆಯವಳಾಗಿ ಬಂದಳು. ಮನೀಷಾ ನಲವತ್ತೆರಡನೆಯವಳು.

"ಬೆನ್ನ ಹಿಂದ ಗಂಡಸು ಬಂದು ನಿಂತ್ರ ಯಾವ ಕೂಸು ಲೆಕ್ಕಾ ಮಾಡ್ತದ್ರಿ?" ಎಂದು ಜಗದೇವಿ ಸಭೆಯಲ್ಲಿ ಕೂಗಾಡಿದರು.

ಮಹಾರುದ್ರಪ್ಪ ಪಟ್ಟಿಯನ್ನು ಅವರ ಮುಂದೆ ಸರಿಸಿದರು. "ನಂಬರ್ ಬಂದವರು ಒಳಗ, ಬರದವರು ಹೊರಗ. ಮಾತು ನಿಮ್ಮದೇ ಹೌದಲ್ರಿ? ಸಹಿ ಹಾಕ್ರಿ."

ಸುತ್ತ ಕೂತವರು ನಕ್ಕರು. ಹಾಕದೆ ಎದ್ದು ಹೋಗಬಹುದಿತ್ತು. ಆದರೆ ಹಾಗೆ ಹೋದರೆ ನಂಬರಿನ ಮಾತನ್ನು ತಾವೇ ಮುರಿದು, ತಮ್ಮ ಮೊದಲ ಪರೀಕ್ಷೆಯೂ ಸುಳ್ಳೆಂದು ಒಪ್ಪಿದಂತಾಗುತ್ತದೆ ಎಂದು ಅವರಿಗೆ ಆ ಗಳಿಗೆಯಲ್ಲಿ ಅನ್ನಿಸಿತು. ಸಹಿ ಹಾಕಿದರು. ಆ ಲೆಕ್ಕ ತಪ್ಪೆಂದು ಮೆಟ್ಟಿಲು ಇಳಿಯುವಾಗಲೇ ತಿಳಿಯಿತು.

ಮರುದಿನ ಅಡುಗೆ ಕೋಣೆಯ ಬಾಗಿಲಲ್ಲಿ ಅಂಬುಬಾಯಿ ಸೌಟು ಹಿಡಿದು ನಿಂತಿದ್ದಳು.

"ನಿಮ್ಮ ಜಗಳಕ್ಕ ನನ್ನ ಮಗಳೇ ಬೇಕಾಗಿದ್ಳೇನ್ರಿ? ಮೂರು ದಿನ ಆಯ್ತು, ಆಕಿ ಅನ್ನಾ ಮುಟ್ಟಿಲ್ಲ. ಕಳ್ಳಿ ಅಂತಾರ ಓಣ್ಯಾಗಿನ ಪೋರಗೋಳು. ಬಟ್ಟಿ ಅಂಗಡಿ ಸಾವಕಾರ್ರು ನನ್ನ ಕೆಲಸಾ ತೆಗೀತೀನಂದಾರ."

"ಅಂಬುಬಾಯಿ, ನಾ ಆಕಿ ಸಲುವಾಗೇ..."

"ಆಕಿ ಸಲುವಾಗಿ ಅಲ್ರಿ. ನಿಮ್ಮ ಹಟದ ಸಲುವಾಗಿ. ಸಹಿ ಹಾಕೋ ಮುಂದ ಆಕಿ ನೆನಪಾಗಲಿಲ್ಲ?"

ದೂರು ಕೊಟ್ಟ ಹನ್ನೊಂದು ಜನರ ಮಾತು ತಾಗದಿದ್ದ ಕಡೆ ಈ ಒಂದು ಮಾತು ತಾಗಿತು. ಜಗದೇವಿ ತಲೆ ತಗ್ಗಿಸಿ ಹೊರಟುಹೋದರು.

ಜೂನಿನಲ್ಲಿ ಚುರುಕು ಗಣಿತವನ್ನು ಅವರಿಂದ ಕಿತ್ತು ಹೊಸಬರಿಗೆ ಕೊಟ್ಟರು. ಉಳಿದ ನಲವತ್ತಮೂರು ಮಕ್ಕಳ 'ಬಿ' ವಿಭಾಗ ಇವರಿಗೆ, ಶಿಕ್ಷೆಯೆಂಬಂತೆ. ಮನೀಷಾ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಜಗದೇವಿ ಚುರುಕು ತರಗತಿಯ ಪುಸ್ತಕವನ್ನೇ ಒಂದು ಪ್ರತಿ ತಂದು, ಯಾರನ್ನೂ ಕೇಳದೆ, ಹಲಗೆಯ ಮೇಲೆ ಬರೆದು ಎಲ್ಲರಿಗೂ ಕಲಿಸತೊಡಗಿದರು. ಮೊದಲ ತಿಂಗಳು ಅರ್ಧ ತರಗತಿ ಬೆಪ್ಪಾಗಿ ಕೂತಿತು. ಅವರು ಬೈದರು, ಮತ್ತೆ ಮೊದಲಿನಿಂದ ಹೇಳಿದರು. ದೀಪಾವಳಿ ಹೊತ್ತಿಗೆ ಇಪ್ಪತ್ತೇಳು ಮಕ್ಕಳು ಜೊತೆಗೆ ಬರುತ್ತಿದ್ದರು. ಹದಿನಾರು ಮಕ್ಕಳು ಬರುತ್ತಿರಲಿಲ್ಲ. ಅವರನ್ನು ಮಧ್ಯಾಹ್ನದ ಊಟವಾದ ಮೇಲೆ ಬೇರೆ ಕೂರಿಸಿಕೊಂಡರು.

ಆ ಚಳಿಗಾಲದಲ್ಲಿ ಪೂನಂ ಹೊಟ್ಟೆನೋವೆಂದು ವಾರಗಟ್ಟಲೆ ಶಾಲೆ ತಪ್ಪಿಸಿದಳು. ಗಣಿತದ ಗಂಟೆ ಇದ್ದ ದಿನ ಅವಳಿಗೆ ವಾಂತಿಯಾಗುತ್ತದೆ ಎಂದು ಮಾಸ್ತರರ ಕೋಣೆಯಲ್ಲಿ ಮಾತಾಡಿಕೊಂಡರು. ಕೇಳಿ ಖುಷಿಪಡಬೇಕೆಂದು ಜಗದೇವಿಯವರಿಗೆ ಅನ್ನಿಸಿತು, ಖುಷಿಯಾಗಲಿಲ್ಲ. ಅದೂ ಹತ್ತು ವರ್ಷದ ಕೂಸು.

ಫೆಬ್ರವರಿಯಲ್ಲಿ 'ಬಿ' ವಿಭಾಗದ ಪಾಠದ ಸಂಗತಿ ಹೊರಬಿತ್ತು. ಸತೀಶಕುಮಾರ ನೋಟಿಸು ಕೊಟ್ಟ: ಅನುಮತಿಯಿಲ್ಲದೆ ಬೇರೆ ಪಾಠ ಕಲಿಸಿದ್ದಕ್ಕೆ ಒಂದು ವರ್ಷದ ವೇತನ ಬಡ್ತಿಗೆ ತಡೆ.

"ಯಾಕ ಬೇಕಾಗಿತ್ರಿ ಬಾಯೋರ ಇದೆಲ್ಲ?"

"ನೀವು ಇಪ್ಪತ್ತು ಆರಿಸಿದ್ರಿ. ನಾ ಆರಿಸೋದು ಬಿಟ್ಟೆ, ಅಷ್ಟೇ" ಎಂದು ನೋಟಿಸು ಮಡಚಿ ಚೀಲದಲ್ಲಿಟ್ಟುಕೊಂಡರು.

ಅಂಕಪಟ್ಟಿ ಕೊಡುವ ದಿನ ಅಂಬುಬಾಯಿ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದಳು. ಕೆಲಸ ಹೋಗಿರಲಿಲ್ಲ. ವರ್ಷವಿಡೀ ಜಗದೇವಿಯವರೊಡನೆ ಮಾತಾಡಿರಲಿಲ್ಲ. ಪಟ್ಟಿ ತೆಗೆದುಕೊಂಡಳು, ಓದಲು ಬಾರದ್ದರಿಂದ ಅದನ್ನು ಮಗಳ ಕೈಗೆ ಕೊಟ್ಟಳು.

"ಇನ್ನೊಮ್ಮೆ ಹಂಥಾ ಪರೀಕ್ಷಾಕ್ಕ ನನ್ನ ಮಗಳಿಗಿ ಕೂಡಸಬ್ಯಾಡ್ರಿ."

"ಕೂಡಸಂಗಿಲ್ಲ. ಆಕೀನೇ ಕೂಡ್ತೀನಂದ್ರ ತಡಿಯಂಗೂ ಇಲ್ಲ."

ಅಂಬುಬಾಯಿ ಅವರನ್ನು ದಿಟ್ಟಿಸಿ ನೋಡಿದಳು. ನಮಸ್ಕಾರವನ್ನೂ ಹೇಳದೆ ಮಗಳ ರಟ್ಟೆ ಹಿಡಿದು ಹೊರಟಳು. ಜಗದೇವಿ ಮುಂದಿನ ಹೆಸರು ಕೂಗಿದರು.